ಸೋರುವ ಜಾಗ

ಅಂಗಳಕ್ಕೆ ಹಾಸಿದ ಶಹಾಬಾದ ಪರಸಿಗಲ್ಲಿನ ಮೇಲೆ ಕಪ್ಪು ಕಲೆಯೊಂದು ದಿನದಿಂದ ದಿನಕ್ಕೆ ಅಗಲವಾಗುತ್ತಿರುವುದನ್ನು ಅರುಣಕುಮಾರ ನೋಡುತ್ತಲೇ ಇದ್ದ, ಯಾರಿಗೂ ಹೇಳಿರಲಿಲ್ಲ. ಬೆಳಗ್ಗೆ ಹೆಂಡತಿ ಅಂಜನಾ ಮೋಟರ್‌ಸೈಕಲ್ ತೆಗೆದುಕೊಂಡು ಕಮಲಾಪುರದ ಶಾಲೆಗೆ ಪಾಠ ಹೇಳಲು ಹೋದಮೇಲೆ ಅವನ ಕುರ್ಚಿಯ ಎದುರಿಗೆ ಉಳಿಯುತ್ತಿದ್ದುದು ಅದೊಂದೇ. ಬಿಸಿಲೇರಿದಂತೆ ಕಲೆ ಮಿರುಗುತ್ತಿತ್ತು. ಇರುವೆಗಳು ಅದರ ಅಂಚಿಗೆ ಬಂದು ತಡೆದು, ಸುತ್ತುಹಾಕಿ ಹೋಗುತ್ತಿದ್ದವು. ಒಮ್ಮೊಮ್ಮೆ ಒಂದು ನೊಣ ಕೂತು, ಕಾಲು ಅಂಟಿ, ಏಳಲಾಗದೆ ರೆಕ್ಕೆ ಬಡಿಯುತ್ತಿತ್ತು. ಎದ್ದು ಹೋಗಿ ಬಿಡಿಸಬಹುದಿತ್ತು. ಅವನು ಬಿಡಿಸುತ್ತಿರಲಿಲ್ಲ. ಬಲಗೈಯನ್ನು ಯಾರೋ ನೋಡಿಕೊಳ್ಳಲು ಕೊಟ್ಟುಹೋದ ಸಾಮಾನಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ನೊಣ ಸುಮ್ಮನಾಗುವ ತನಕ ನೋಡುತ್ತಿದ್ದ.

ಭಾನುವಾರ ಎದುರುಮನೆಯ ಮಾಣಿಕಪ್ಪ ಹಲ್ಲುಜ್ಜುತ್ತ ಗೇಟಿನ ತನಕ ಬಂದು, ಬಗ್ಗಿ ನೋಡಿ, “ಅಂಜನವ್ವಾ, ನಿನ್ನ ಗಾಡಿ ಎಣ್ಣಿ ಕಾರಾಕತ್ತದ ನೋಡವ್ವಾ!” ಎಂದು ಕೂಗಿದ. ನಿನ್ನ ಗಾಡಿ. ಆಳಂದ, ಸೇಡಂ, ಚಿತ್ತಾಪುರದ ಯಾವ ಗೊಬ್ಬರದ ಅಂಗಡಿಯ ಮುಂದೆ ಈ ಗಾಡಿ ನಿಂತರೂ ಬೀಜದ ಕಂಪನಿಯ ಅರುಣಕುಮಾರ ಸಾಹೇಬರು ಬಂದರೆಂದು ಒಳಗಿನವರು ಮುಖ ನೋಡದೆ ಹೇಳುತ್ತಿದ್ದರು. ಆಳಂದದ ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರಿಗೆ ಹೊಡೆದಾಗಲೂ ಗಾಡಿಗೆ ಹೆಚ್ಚೇನೂ ಆಗಿರಲಿಲ್ಲ, ಹ್ಯಾಂಡಲ್ ಸೊಟ್ಟಗಾಗಿತ್ತು, ಅಷ್ಟೆ. ಅವನ ಕುತ್ತಿಗೆಯೊಳಗೆ ನರಗಳು ಹರಿದಿದ್ದವು. ಕೈ ಇರ್ತದ, ಕೆಲಸಕ್ಕ ಬರಂಗಿಲ್ಲ ಎಂದು ಡಾಕ್ಟರು ಹೇಳಿದ್ದು ಅಂಜನಾಗೆ. ಅವನು ಪಕ್ಕದಲ್ಲೇ ಮಲಗಿದ್ದ.

ಅಂಜನಾ ಕೂದಲು ಕಟ್ಟಿಕೊಳ್ಳುತ್ತ ಹೊರಗೆ ಬಂದಳು. ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಂಜಿನ್ನಿನ ತಳಕ್ಕೆ ಬೆರಳು ಹಚ್ಚಿ, ಬೆರಳನ್ನು ಬೆಳಕಿಗೆ ಹಿಡಿದಳು. ಆಮೇಲೆ ಅವನ ಕಡೆ ತಿರುಗಿದಳು. “ಎಲ್ಲಿಂದ ಸೋರಾಕತ್ತದ ಜರಾ ನೋಡ್ರಿ. ನನಗೇನೂ ತಿಳೀವಲ್ದು.”

ಅವನು ಏಳಲಿಲ್ಲ. ಏಳಬೇಕಾಗಿಯೂ ಇರಲಿಲ್ಲ. ಕುರ್ಚಿಯಿಂದಲೇ ಕಾಣುತ್ತಿತ್ತು, ಎಷ್ಟೋ ದಿನದಿಂದ ಕಂಡಿತ್ತು. ಎಂಜಿನ್ನಿನ ತಲೆಯ ಮೇಲೆ ಟ್ಯಾಪೆಟ್ಟಿನ ದುಂಡು ಮುಚ್ಚಳ. ಅದರ ಕೆಳಗಿನ ರಬ್ಬರ್ ರಿಂಗು ಹಳೆಯದಾಗಿ, ಬಿಸಿಗೆ ಕಲ್ಲಾಗಿ, ಅಲ್ಲಿಂದ ಎಣ್ಣೆ ಕೂದಲೆಳೆಯಷ್ಟು ಹೊರಟು, ಗಾಳಿಗೆ ಹಿಂದಕ್ಕೆ ಸರಿದು, ಪಕ್ಕೆಯ ಗೆರೆಗೆರೆಗಳಲ್ಲಿ ಇಳಿದು, ಕ್ಲಚ್ ಕವರಿನ ಸುತ್ತ ಹರಿದು ತಳದಲ್ಲಿ ಹನಿಯುತ್ತಿತ್ತು. ಹನಿಯುವ ಜಾಗ ಬೇರೆ, ಸೋರುವ ಜಾಗ ಬೇರೆ ಎಂದು ಕಂಪನಿಯ ಹುಡುಗರಿಗೆ ಅವನೇ ಕಲಿಸುತ್ತಿದ್ದ. ಸೀಮೆಎಣ್ಣೆಯಲ್ಲಿ ಎಂಜಿನ್ ತೊಳೆದು, ಒರೆಸಿ, ಮುಖದ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಚಾಲೂ ಇಟ್ಟರೆ ಸಾಕು, ಬಿಳಿಯ ಮೇಲೆ ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆಯಾಗುತ್ತದೋ ಅದೇ ಜಾಗ. ಒಂದು ರಿಂಗು ಬದಲಿಸಿದರೆ ಮುಗಿಯುವ ಕೆಲಸ. ಹೇಳಲು ಬಾಯಿ ತೆರೆದಿದ್ದ. ಅವಳು ಬೆರಳಿನ ಎಣ್ಣೆಯನ್ನು ಗಾಡಿಯ ಸೀಟಿಗೆ ಒರೆಸಿದಳು. ತನ್ನದೇ ಎನ್ನುವ ಹಾಗೆ, ನೋಡದೆ, ಸೀಟಿನ ಅಂಚಿಗೆ ಬೆರಳು ಎಳೆದಳು. ಆ ಸೀಟಿನ ಹಿಂಭಾಗದಲ್ಲಿ ಶ್ರಾವಣದ ಸೋಮವಾರ ಅವನು ಕೂತಿದ್ದ, ಶರಣಬಸವೇಶ್ವರ ಗುಡಿಗೆ ಹೋಗಲು, ಸತ್ತ ಕೈಯನ್ನು ಅಂಗಿಯ ಗುಂಡಿಗಳ ನಡುವೆ ತುರುಕಿಕೊಂಡು. ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ಅವಳು ಬ್ರೇಕ್ ಹಾಕಿದಾಗ ಮುಗ್ಗರಿಸಿ ಅವಳ ಬೆನ್ನಿಗೆ ಮುಖ ಹೊಡೆದುಕೊಂಡಿದ್ದ. ಪಕ್ಕದ ಆಟೋದವನು, “ಅಣ್ಣಾರ, ಬಾಯಾರನ್ನ ಗಟ್ಟಿ ಹಿಡ್ಕೋರಿ, ಬಿದ್ದಗಿದ್ದೀರಿ!” ಎಂದಿದ್ದ. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲಿದ್ದವರು ನಕ್ಕಿದ್ದರು. ಅಂಜನಾ ನಕ್ಕದ್ದು ಮಾತ್ರ ಕಿವಿಗೆ ಕೇಳಿರಲಿಲ್ಲ. ಅವಳ ಸೊಂಟ ಹಿಡಿದಿದ್ದ ಎಡಗೈಗೆ ತಿಳಿದಿತ್ತು.

“ಕ್ಲಚ್ ಕವರಿನ ಪ್ಯಾಕಿಂಗ್ ಹೋಗ್ಯದ,” ಎಂದ. “ಪೂರಾ ಬಿಚ್ಚಬೇಕಾಗ್ತದ.”

“ಭಾಳ ಕೆಲಸ ಅದ ಏನ್ರಿ? ಅಂಗಡಿಗೆ ಒಯ್ಯಲೇನು?”

“ಅಂಗಡಿಯವ್ರಿಗೇನ ತಿಳೀತದ? ನಾ ಹೇಳ್ತೀನಿ, ನೀ ಮಾಡು.”

ಅವಳು ಸೂಪರ್ ಮಾರ್ಕೆಟ್ಟಿನ ಹತ್ತಿರ ಹೋಗಿ ಕವರಿನ ಅಂಚಿಗೆ ಹಾಕುವ ಕಾಗದದ ಪ್ಯಾಕಿಂಗ್ ತಂದಳು. ಹಳೇ ಚಾದರ ಹಾಸಿ ಬೋಲ್ಟು ಬಿಚ್ಚುವ ಪಾನಾಗಳನ್ನು ಸಾಲಾಗಿ ಇಟ್ಟುಕೊಂಡಳು. ಅವನು ಕುರ್ಚಿಯನ್ನು ಕಾಲಿನಿಂದ ಹತ್ತಿರ ಎಳೆದುಕೊಂಡು ಕೂತು ಹೇಳತೊಡಗಿದ. ಮೊದಲು ಎಣ್ಣೆ ಇಳಿಸು. ಕಿಕ್ಕರ್ ಬಿಚ್ಚು. ಆ ಬೋಲ್ಟು ಅಲ್ಲ, ಅದರ ಪಕ್ಕದ್ದು. ಮೂಲೆಯಿಂದ ಮೂಲೆಗೆ ಸಡಿಲ ಮಾಡು. ಪ್ರತಿ ಮಾತಿಗೂ ಅವಳು ಮುಖ ಎತ್ತಿ ನೋಡುತ್ತಿದ್ದಳು, ಸರಿಯೇ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಅಪಘಾತವಾದಮೇಲೆ ಅವಳು ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿರಲೇ ಇಲ್ಲ. ಅನ್ನ ಕಲಸಿ ಕೊಡುವಾಗ, ಗುಂಡಿ ಹಾಕುವಾಗ, ಚಡ್ಡಿಯ ಲಾಡಿ ಕಟ್ಟುವಾಗ ಎಲ್ಲ ಮೇಲಿನಿಂದಲೇ ನೋಡುತ್ತಿದ್ದಳು. ಈಗ ಅವಳ ಹಣೆಯ ಬೆವರು, ಮೂಗಿನ ಮೇಲಿನ ಎಣ್ಣೆಯ ಗೆರೆ, ಸೆರಗು ಸಿಕ್ಕಿಸಿದ ಸೊಂಟ, ಎಲ್ಲವೂ ಅವನ ಕಾಲಬುಡದಲ್ಲಿದ್ದವು. ಏನೂ ಕೆಡದ ಪ್ಯಾಕಿಂಗನ್ನು ಅವಳು ಬ್ಲೇಡಿನಿಂದ ಕೆರೆದು ಕೆರೆದು ತೆಗೆಯುತ್ತಿದ್ದಳು; ಅದು ಲೋಹಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಇನ್ನೂ ಎಷ್ಟೋ ವರ್ಷ ಬರುವಂಥದ್ದು. ಬ್ಲೇಡು ಜಾರಿ ಹೆಬ್ಬೆರಳು ಸೀಳಿದಾಗ ರಕ್ತ ಎಣ್ಣೆಯ ಮೇಲೆ ಬಿದ್ದು, ಬೆರೆಯದೆ, ಸಣ್ಣ ಮಣಿಯಾಗಿ ಉರುಳಿತು. ಅವನು ಅದನ್ನೇ ನೋಡುತ್ತ, “ಮೂಲ್ಯಾಗ ಇನ್ನೂ ಉಳದದ, ಕೆರಿ,” ಎಂದ.

ಮಾಣಿಕಪ್ಪ ಮತ್ತೆ ಬಂದು ಗೋಡೆಗೆ ಒರಗಿದ. “ಸಾಹೇಬ್ರು ಕುಂತಲ್ಲೇ ಗ್ಯಾರೇಜ್ ನಡಸಾಕತ್ತಾರ,” ಎಂದ. ಅದು ಹೊಗಳಿಕೆಯೆಂದು ಅರುಣಕುಮಾರ ತಿಳಿದುಕೊಂಡ, ಯಾಕೆಂದರೆ ಅಂಜನಾ ಹೆಮ್ಮೆಯಿಂದ ತಲೆಯಾಡಿಸಿದಳು. “ಇವರ ತಲ್ಯಾಗ ಎಂಜಿನ್ನ ಪೂರಾ ಅದ ಕಾಕಾ,” ಎಂದಳು. ಆ ಸಂಜೆ ಅವಳು ಸೀಳಿದ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡೇ ರೊಟ್ಟಿ ಬಡಿದಳು. ಊಟವಾದಮೇಲೆ ಅವನ ಸತ್ತ ಕೈಯನ್ನು ಮಡಿಲಿಗೆ ತೆಗೆದುಕೊಂಡು ದಿನದಂತೆ ತಿಕ್ಕಿದಳು. ದಿನದಂತಲ್ಲ, ಮಾತಾಡುತ್ತ ತಿಕ್ಕಿದಳು. ಕ್ಲಚ್ಚಿನ ತಟ್ಟೆಗಳು ಒಂದರ ಮೇಲೊಂದು ಎಷ್ಟು ಚಂದ ಕೂತಿರುತ್ತವೆ ಎಂದಳು. ನಾಳೆ ಶಾಲೆಯಲ್ಲಿ ಮುನೀರಾ ಮೇಡಂಗೆ ಹೇಳಬೇಕು ಎಂದಳು. ಅವನಿಗೆ ಅವಳ ಬೆರಳುಗಳು ತಿಳಿಯುತ್ತಿರಲಿಲ್ಲ, ಧ್ವನಿ ತಿಳಿಯುತ್ತಿತ್ತು. ಇಷ್ಟು ಒಳ್ಳೆಯ ಭಾನುವಾರ ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲವೇನೋ ಎನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ನಾಚಿಕೆಯಾದದ್ದಕ್ಕೆ ಅವಳ ಮೇಲೇ ಸಿಟ್ಟು ಬಂತು. ಖರೇ ಹೇಳಿದ್ದರೆ ಒಂದು ರಿಂಗು ಹಾಕಿ ಎದ್ದು ಹೋಗುತ್ತಿದ್ದಳು. ಸುಳ್ಳು ಹೇಳಿದ್ದಕ್ಕೆ ಇಡೀ ದಿನ ಸಿಕ್ಕಿತ್ತು.

ಎಣ್ಣೆ ನಿಲ್ಲಲಿಲ್ಲ. ವಾರದ ನಡುವೆ ಕಲೆ ಮತ್ತೆ ಹಸಿಯಾಯಿತು. ಶಾಲೆಯಿಂದ ಬಂದು, ಚಪ್ಪಲಿಯನ್ನೂ ಬಿಡದೆ, ಅವಳು ಗಾಡಿಯ ತಳಕ್ಕೆ ಬಗ್ಗಿ, “ನಾ ಎಲ್ಲೋ ತಪ್ಪ ಮಾಡೀನಿ,” ಎಂದಳು. ಆಗಲಾದರೂ ಹೇಳಬಹುದಿತ್ತು. ಅವಳು ತಪ್ಪನ್ನು ಎಷ್ಟು ಸುಲಭವಾಗಿ ತನ್ನ ಮೇಲೆ ಎಳೆದುಕೊಂಡಳೆಂದರೆ, ಅದನ್ನು ಅಲ್ಲಿಂದ ತೆಗೆಯುವುದು ಅವನಿಗೆ ವ್ಯರ್ಥ ಶ್ರಮದಂತೆ ಕಂಡಿತು. “ಎಣ್ಣಿ ಇಳಸೂ ಬೋಲ್ಟ್ ಸಡಲಿರಬೇಕು,” ಎಂದ. “ಬಿಗಿ ಮಾಡು.”

ಅವಳು ಪಾನಾ ಹಾಕಿ ಬಿಗಿ ಮಾಡಿದಳು. ಬೋಲ್ಟು ಆಗಲೇ ಬಿಗಿಯಾಗಿತ್ತು. ಪಾನಾ ಮುಂದೆ ಹೋಗದೆ ನಿಂತದ್ದನ್ನು ಅವನು ನೋಡಿದ. ಎಂಜಿನ್ನಿನ ಮೈ ಮೆದುವಾದ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಅತಿ ಎಳೆದರೆ ತೂತಿನೊಳಗಿನ ಥ್ರೆಡ್, ಬೋಲ್ಟನ್ನು ಹಿಡಿಯುವ ಸುರುಳಿ ಗೆರೆ, ಕಿತ್ತುಹೋಗುತ್ತದೆ. ಯಾವ ಗಳಿಗೆಯಲ್ಲಿ ಕೈ ತಡೆಯಬೇಕೆಂಬುದು ಅವನ ಬಲಗೈಗೆ ಗೊತ್ತಿತ್ತು, ಆ ಕೈ ಸತ್ತಿದ್ದರೂ ಭುಜದೊಳಗೆಲ್ಲೋ ಆ ತಿಳಿವಳಿಕೆ ಇನ್ನೂ ಉಳಿದಿತ್ತು. ಅದು ಈಗ, ಈಗ ಎಂದು ಚುಚ್ಚಿತು. “ಇನ್ನೂ ಜರಾ,” ಎಂದ. ಅವಳು ಎರಡೂ ಕೈಯಿಂದ ಎಳೆದಳು. “ಇನ್ನೂ.” ಪಾನಾ ಒಮ್ಮೆಲೇ ಹಗುರಾಗಿ ತಿರುಗಿತು. ಏನೋ ಸರಿಹೋಯಿತೆಂದುಕೊಂಡು ಅವಳು ನಗುತ್ತ ಮುಖ ಎತ್ತಿದಳು. ಮತ್ತೆ ತಿರುಗಿಸಿದಳು, ಅದು ಎಲ್ಲೂ ಹಿಡಿಯದೆ ಸುಮ್ಮನೆ ತಿರುಗುತ್ತಲೇ ಇತ್ತು. ನಗು ಅವಳ ಮುಖದಿಂದ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ನೋಡಿದ.

“ಥ್ರೆಡ್ ಹೋತು,” ಎಂದ.

“ಅಯ್ಯೋ! ನಿಮ್ಮ ಗಾಡಿ ಹಾಳ ಮಾಡಿಬಿಟ್ಟೆ ನಾ.” ಅವಳು ಅಲ್ಲೇ ಕೂತು ಅಳತೊಡಗಿದಳು, ಎಣ್ಣೆಗೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಳು. ನಿಮ್ಮ ಗಾಡಿ ಎಂದಿದ್ದಳು. ಆ ಮಾತು ಬಿಸಿಲಿನಲ್ಲಿ ಬಂದವನಿಗೆ ಕೊಟ್ಟ ನೀರಿನಂತೆ ಅವನ ಗಂಟಲಲ್ಲಿ ಇಳಿಯಿತು. ಎದ್ದು ಬಂದು ಎಡಗೈಯನ್ನು ಅವಳ ತಲೆಯ ಮೇಲಿಟ್ಟ. “ಇರಲಿ ಬಿಡು. ಗೊತ್ತಿಲ್ಲದ ಮಾಡೀದಿ. ನಾ ಏನೂ ಅನ್ನಂಗಿಲ್ಲ,” ಎಂದ. ಕ್ಷಮಿಸುವುದರಲ್ಲಿ ಇಂಥ ಸುಖವಿದೆಯೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಅವಳು ಅವನ ಕೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡಳು.

“ನಾಳೆ ಹ್ಯಾಂಗ್ರಿ ಹೋಗೂದು? ಪರೀಕ್ಷಾ ಅವ.”

“ನಳಕ್ಕ ಸುತ್ತೂ ಬಿಳೀ ಟೇಪ್ ಅದಲ್ಲ, ಬೋಲ್ಟಿಗೆ ಸುತ್ತಿ ಹಾಕು. ನಿಲ್ಲತದ.”

ಮರುದಿನ ಬೆಳಗ್ಗೆ ಅವಳು ಹೋದಳು. ಕುಸನೂರಿನ ತಿರುವಿನ ತನಕ ಗಾಡಿಯ ಸದ್ದು ಕೇಳಿಸಿತು, ಆಮೇಲೆ ವಿಶ್ವವಿದ್ಯಾಲಯದ ಕಡೆಯ ಬಸ್ಸುಗಳ ಸದ್ದಿನಲ್ಲಿ ಕಲೆತುಹೋಯಿತು. ಟೇಪು ನಿಲ್ಲುವುದಿಲ್ಲ. ಎಂಜಿನ್ ಬಿಸಿಯಾದಂತೆ ಮೆತ್ತಗಾಗುತ್ತದೆ; ಹುಮನಾಬಾದ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ದಾಟುವ ತನಕ ನಡುಕಕ್ಕೆ ಬೋಲ್ಟು ತಿರುಗುತ್ತ ತಿರುಗುತ್ತ ಕಳಚುತ್ತದೆ; ಎಣ್ಣೆಯೆಲ್ಲ ಒಂದೇ ಸಲ ಹಿಂದಿನ ಗಾಲಿಯ ಮೇಲೆ. ಇದನ್ನು ಅವನು ಯೋಚಿಸಲಿಲ್ಲ. ಹಲ್ಲುಜ್ಜಿದ, ಎಡಗೈಯಿಂದ ಅವಲಕ್ಕಿ ತಿಂದ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದ. ತಟ್ಟೆ ಮುಚ್ಚುವಾಗ ಅದೆಲ್ಲ ಒಟ್ಟಿಗೆ ಕಣ್ಣಿಗೆ ಬಂತು. ಫೋನ್ ತೆಗೆದು ಹಚ್ಚಿದ. ಬಡಿದು ಬಡಿದು ನಿಂತಿತು, ಅವಳ ಚೀಲದೊಳಗೆ ಟಿಫಿನ್ ಡಬ್ಬಿಯ ಪಕ್ಕ ಬಡಿದಿರಬೇಕು. ಮತ್ತೆ ಹಚ್ಚಲಿಲ್ಲ. ಗಾಡಿ ಹೊಡೆಯುವಾಗ ಫೋನ್ ಹಚ್ಚಿದರೆ ಗಮನ ತಪ್ಪಿ ಬಿದ್ದಾಳು ಎಂದು ತನಗೇ ಹೇಳಿಕೊಂಡ. ಹೇಳಿಕೊಂಡದ್ದು ಎಷ್ಟು ಸರಿಯಾಗಿತ್ತೆಂದರೆ ಅವನು ಕುರ್ಚಿಗೆ ಬಂದು ಕೂತ. ಪರಸಿಯಿಂದ ಬಿಸಿ ಏಳುತ್ತಿತ್ತು, ದೂರದ ಯಾವುದೋ ಗಿರಣಿಯಿಂದ ತೊಗರಿ ಬೇಳೆಯ ವಾಸನೆ ಬರುತ್ತಿತ್ತು. ಕಣ್ಣ ಮುಂದೆ ಅವಳು ಬಿದ್ದಿದ್ದಾಳೆ. ಸಾಯುವುದಿಲ್ಲ, ಹಾಗೇಕೆ ಸಾಯುತ್ತಾಳೆ. ಬಲಭುಜದ ಮೇಲೆ ಬೀಳುತ್ತಾಳೆ, ಕುತ್ತಿಗೆಯಲ್ಲಿ ನರ ಹರಿಯುತ್ತದೆ, ಅಷ್ಟೆ. ಆಮೇಲೆ ಈ ಅಂಗಳದಲ್ಲಿ ಎರಡು ಕುರ್ಚಿ. ಇಬ್ಬರಿಗೂ ಒಂದೊಂದೇ ಕೈ. ಅವಳ ಎಡಗೈ, ಅವನ ಎಡಗೈ, ಸೇರಿ ಒಂದು ರೊಟ್ಟಿ ಮುರಿಯುವುದು. ಆ ಚಿತ್ರದಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ ಅವನು ಅದರೊಳಗೆ ಬಹಳ ಹೊತ್ತು ಕೂತುಬಿಟ್ಟ. ಬಿಸಿಲು ಕಾಲಿಗೆ ಬಂದು ಸುಟ್ಟಾಗ, ತಾನು ಏನನ್ನು ನೋಡುತ್ತಿದ್ದೆ ಎಂದು ತಿಳಿಯಿತು. ಎದ್ದು ಬಚ್ಚಲಿಗೆ ಹೋಗಿ ಅವಲಕ್ಕಿಯನ್ನೆಲ್ಲ ಕಾರಿಕೊಂಡ.

ಫೋನ್ ಬಂದಾಗ ಅವನಿನ್ನೂ ಬಾಯಿ ತೊಳೆಯುತ್ತಿದ್ದ. ಮುನೀರಾ ಮೇಡಂ. “ಅಣ್ಣಾರ, ಗಾಬರಿ ಆಗಬ್ಯಾಡ್ರಿ. ಅಂಜನಾ ಮೇಡಂ ಗಾಡಿ ಜಾರಿ ಬಿದ್ದಾರ, ಕಮಲಾಪುರದ ಹತ್ತಿರಾನೇ. ಮೊಣಕಾಲು, ಗದ್ದ ತರಚ್ಯಾವ, ಹೆಚ್ಚಿಗೇನಿಲ್ಲ. ನೀವು ಇಲ್ಲಿ ದವಾಖಾನಿಗೆ ಬರ್ತೀರೇನ್ರಿ?” ಕೈ? ಎಂದು ಅವನು ಕೇಳಿದ. ಕೈಗೇನೂ ಆಗಿಲ್ಲವೆಂದು ಆಕೆ ಹೇಳಿದಾಗ ಅವನ ಕಣ್ಣಲ್ಲಿ ನೀರು ಬಂತು. ಅದು ಯಾತಕ್ಕೆ ಬಂದ ನೀರೆಂದು ಅವನು ಪರೀಕ್ಷಿಸಲಿಲ್ಲ. ಕಮಲಾಪುರದ ಬಸ್ಸಿನಲ್ಲಿ ನಿಂತು ಹೋದ. ಎಡಗೈ ಕಂಬ ಹಿಡಿದಿತ್ತು, ಆದ್ದರಿಂದ ಕಂಡಕ್ಟರನಿಗೆ ಟಿಕೆಟ್ಟಿನ ಹಣ ತೆಗೆದುಕೊಡಲು ಆಗಲಿಲ್ಲ. ಕಂಡಕ್ಟರ ಬೈಯದೆ ಅವನ ಅಂಗಿಯ ಜೇಬಿಗೆ ತಾನೇ ಬೆರಳು ಹಾಕಿ ತೆಗೆದುಕೊಂಡು, ಚಿಲ್ಲರೆಯನ್ನು ಅಲ್ಲೇ ಹಾಕಿ ಜೇಬನ್ನು ತಟ್ಟಿದ. ಸೀಟಿನಲ್ಲಿದ್ದ ಹೆಂಗಸೊಬ್ಬಳು ತನ್ನ ಮಗನನ್ನು ಎಬ್ಬಿಸಿ, “ಪಾಪ, ಕಾಕಾಗ ಜಾಗ ಕೊಡು,” ಎಂದಳು. ಅವನು ಕೂರಲಿಲ್ಲ.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಅಂಜನಾ ಒಬ್ಬಳೇ ಕೂತಿದ್ದಳು. ಗದ್ದಕ್ಕೆ ಪಟ್ಟಿ, ಒಂದು ಕಾಲು ನೇರ ಚಾಚಿತ್ತು, ಸೀರೆಯ ಮೇಲೆ ಕೆಮ್ಮಣ್ಣು. ಅವನನ್ನು ಕಂಡು ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

“ಬೋಲ್ಟ್ ಬಿದ್ದೋಗಿತ್ತು,” ಎಂದಳು. “ಹಿಂದೊಂದು ಲಾರಿ ಇತ್ತು. ಅಂವಾ ಬ್ರೇಕ್ ಹಾಕಿದ, ಅದಕ್ಕ ಉಳದೆ.”

ಬಕೆಟ್ ಹಿಡಿದು ಬಂದ ನರ್ಸಮ್ಮನೊಬ್ಬಳು ದಾಟಿಹೋಗಲೆಂದು ಅಂಜನಾ ಚಾಚಿದ ಕಾಲನ್ನು ಎಳೆದುಕೊಂಡಳು. “ಅಬ್ರಾರ್ ಅಂತ ಮಿಸ್ತ್ರಿ, ಶಾಲಿ ಹತ್ರ ಅಂಗಡಿ ಅದ. ಅಂವಾ ಗಾಡಿ ನೋಡ್ದ. ಪ್ಯಾಕಿಂಗ್‌ಗೆ ಏನೂ ಆಗಿದ್ದಿಲ್ಲಂತ. ಮ್ಯಾಲಿನ ಮುಚ್ಚಳದಿಂದ ಸೋರ್ತಿತ್ತಂತ, ದೂರದಿಂದನೇ ಕಾಣ್ತದಂತ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಓದಿ ಹೇಳುವವಳಂತೆ ಹೇಳಿದಳು. ಆಮೇಲೆ ಅವನ ಮುಖ ನೋಡಿದಳು. “ಟೇಪ್ ನಿಲ್ಲಂಗಿಲ್ಲ ಅಂತ ನಿಮಗ ಗೊತ್ತಿತ್ತೇನ್ರಿ?”

ಹೊರಗೆ ತಳ್ಳುಗಾಡಿಯ ಮೇಲೆ ಕೆಂಪು ಬಾಳೆಹಣ್ಣು ಮಾರುವವನು ಕೂಗುತ್ತ ಹೋಗುತ್ತಿದ್ದ. ಆ ಕೂಗು ದೂರವಾಗುವ ತನಕ ಉತ್ತರಿಸದಿದ್ದರೆ ಪ್ರಶ್ನೆಯೂ ದೂರವಾದೀತು ಎಂದು ಅವನು ಆಶಿಸಿದ. ಅವಳು ಕಾದಳು.

“ಇಲ್ಲ,” ಎಂದ. “ಗೊತ್ತಿರಲಿಲ್ಲ.”

“ಮ್ಯಾಲಿಂದ ಸೋರಾಕತ್ತದಂತ?”

“ಅದೂ ಗೊತ್ತಾಗಲಿಲ್ಲ.”

“ಹಂಗಾರ ಆತು,” ಎಂದಳು. ಬೆಂಚಿನ ತುದಿ ಹಿಡಿದು ಎದ್ದು ನಿಂತಳು. ಅವನು ಎಡಗೈ ಚಾಚಿದ. ಅವಳು ಅದನ್ನು ನೋಡಲಿಲ್ಲವೋ, ಬೇಡವೆಂದುಕೊಂಡಳೋ, ಗೋಡೆ ಹಿಡಿದು ಕುಂಟುತ್ತ ಮೆಟ್ಟಿಲು ಇಳಿದಳು.

ಅಬ್ರಾರನ ಅಂಗಡಿಯ ಮುಂದೆ ಮುನೀರಾ ಮೇಡಂ ಮತ್ತು ಶಾಲೆಯ ಇನ್ನಿಬ್ಬರು ಶಿಕ್ಷಕರು ನಿಂತಿದ್ದರು. ಗಾಡಿ ಸ್ಟ್ಯಾಂಡಿನ ಮೇಲಿತ್ತು. ಕೆಳಗೆ ಹೊಸ ಥ್ರೆಡ್ ಕೂರಿಸಿ, ಹೊಸ ಬೋಲ್ಟು ಹಾಕಿ, ಎಣ್ಣೆ ತುಂಬಿ, ಈಗ ಅಬ್ರಾರ ಮೇಲಿನ ಮುಚ್ಚಳದ ಕೆಲಸದಲ್ಲಿದ್ದ. ಕತ್ತೆತ್ತಿ ಅರುಣಕುಮಾರನನ್ನು ನೋಡಿ, “ಸಾಬ್, ಇಷ್ಟ ಬೋಲ್ಟ್ ಯಾರು ಎಳದಾರ್ರೀ? ಕ್ಲಚ್ ಖೋಲೋ, ಬಿಚ್ಚ್ರಿ ಅಂತ ಯಾರ್ ಹೇಳ್ಯಾರ್ರೀ ನಿಮಗ? ಜಾನ್ ಹೋಗ್ತಿತ್ತಲ್ರಿ ಮೇಡಂದು,” ಎಂದ. ಎಲ್ಲರೂ ಅರುಣಕುಮಾರನ ಕಡೆ ನೋಡಿದರು. ಅವನ ಕಿವಿ ಕಾದವು. ಅವನು ಬಾಯಿ ತೆರೆಯುವ ಮೊದಲೇ ಅಂಜನಾ ಹೇಳಿದಳು, ಬಹಳ ಮೆಲ್ಲಗೆ, ಎಲ್ಲರಿಗೂ ಕೇಳುವಂತೆ: “ಇವರನ್ನ ಏನೂ ಅನಬ್ಯಾಡ್ರಿ. ಏಟು ಬಿದ್ದಮ್ಯಾಲ ಇವರಿಗೆ ಮೊದಲಿನಂಗ ನೆನಪಿರಂಗಿಲ್ಲ. ತಿಳೀತದ ಅಂತ ಹೇಳ್ತಾರ, ತಿಳದಿರಂಗಿಲ್ಲ. ತಪ್ಪು ನಂದು, ಇವರ ಮಾತು ಕೇಳಬಾರ್ದಿತ್ತು.”

ಅಯ್ಯೋ ಪಾಪ ಎಂದು ಮುನೀರಾ ಮೇಡಂ ಅಂದದ್ದು ತುಟಿಯಲ್ಲಿ ಮಾತ್ರ ಕಂಡಿತು. ಅಬ್ರಾರನ ಮುಖದಲ್ಲಿದ್ದ ಸಿಟ್ಟು ಹೋಗಿ ಅಲ್ಲಿ ಬಸ್ಸಿನ ಕಂಡಕ್ಟರನ ಕನಿಕರದ ಮುಖ ಬಂತು. ಅವನು ಎದ್ದು, ಸ್ಟೂಲನ್ನು ಒರೆಸಿ ಅರುಣಕುಮಾರನ ಮುಂದಿಟ್ಟು, “ಕುಂದರ್ರಿ ಸಾಬ್, ಆರಾಮ್,” ಎಂದ. ಗೊತ್ತಿತ್ತು ಎಂದು ಕೂಗಬೇಕೆನಿಸಿತು. ನನಗೆ ಎಲ್ಲ ಗೊತ್ತಿತ್ತು, ಕುರ್ಚಿಯಿಂದಲೇ ಕಂಡಿತ್ತು, ಯಾವ ಎಳೆತಕ್ಕೆ ಥ್ರೆಡ್ ಹೋಗುತ್ತದೆಂದು ಗೊತ್ತಿದ್ದೇ ಇನ್ನೂ ಜರಾ ಎಂದೆ. ಆ ವಾಕ್ಯದ ಇನ್ನೊಂದು ತುದಿಯಲ್ಲಿ ಅವಳ ಹಿಂದಿನ ಲಾರಿ ಬ್ರೇಕ್ ಹಾಕುತ್ತಿತ್ತು. ಅವನು ಅಂಜನಾಳನ್ನು ನೋಡಿದ. ಅವಳು ನಂಬಿ ಹೇಳಿದಳೋ, ತಿಳಿದೇ ಹೇಳಿದಳೋ? ಪಟ್ಟಿ ಕಟ್ಟಿದ ಆ ಮುಖದಲ್ಲಿ ಅವನಿಗೆ ಒಂದು ಗೆರೆಯನ್ನೂ ಓದಲಾಗಲಿಲ್ಲ. ಸ್ಟೂಲಿನ ಮೇಲೆ ಕೂತ.

ಅಬ್ರಾರ ಮುಚ್ಚಳ ತಿರುಗಿಸಿ ಕೂರಿಸಿ ಗಾಡಿ ಚಾಲೂ ಮಾಡಿದ. ಎಲ್ಲರೂ ಬಗ್ಗಿದರು. ಅರುಣಕುಮಾರ ಕೂತಲ್ಲಿಂದಲೇ ನೋಡಿದ: ಮುಚ್ಚಳದ ಹಿಂಬದಿಯಲ್ಲಿ ಹೊಸ ರಿಂಗು ಓರೆಯಾಗಿ ಕೂತು, ಲೋಹದ ನಡುವೆ ಚಿವುಟಿಕೊಂಡು, ಕರೀ ಅಂಚು ಉಗುರಿನಷ್ಟು ಹೊರಗೆ ಇಣುಕಿತ್ತು. ಎಂಜಿನ್ ಕಾಯುತ್ತಿದ್ದಂತೆ ಅದರ ಬುಡದಲ್ಲಿ ಎಣ್ಣೆಯ ಮಣಿಯೊಂದು ಹುಟ್ಟಿ, ಬೆಳಗಿ, ನಿಂತಿತು. ಅವರೆಲ್ಲ ಮುಂದಿನಿಂದ ನೋಡುತ್ತಿದ್ದರು. ಅವನಿಗೊಬ್ಬನಿಗೇ ಕಾಣುತ್ತಿತ್ತು.

“ರಿಂಗ್ ಸಿಕ್ಕೊಂಡದ,” ಎಂದ. “ಹಿಂದಿನ ಮಗ್ಗಲು. ಬಿಚ್ಚಿ ಮತ್ತ ಕೂಡಸ್ರಿ, ಇಲ್ಲಾಂದ್ರ ಸೋರ್ತದ.”

ಅಬ್ರಾರ ಅವನನ್ನಲ್ಲ, ಅಂಜನಾಳನ್ನು ನೋಡಿದ. ಅವಳು ಕಣ್ಣು ಮುಚ್ಚಿ ತೆರೆದು, ಬೇಡವೆನ್ನುವಂತೆ ಸಣ್ಣಗೆ ತಲೆಯಾಡಿಸಿದಳು.

“ಹೌದ್ರಿ ಸಾಬ್, ಮಾಡ್ತೀನಿ ಮಾಡ್ತೀನಿ,” ಎಂದು ಅಬ್ರಾರ ಎಂಜಿನ್ ಬಂದ್ ಮಾಡಿ ಕೈ ಒರೆಸಿಕೊಂಡ. “ಮೇಡಂ, ಕಾಲು ಆರಾಮಾದ ಮ್ಯಾಲ ಬಂದು ಒಯ್ರಿ. ಇನ್ನ ಏನೂ ಫಿಕರ್ ಇಲ್ಲ.”

“ಖರೇ ಹೇಳಾಕತ್ತೀನಿ ನಾ,” ಅರುಣಕುಮಾರ ಎದ್ದು ನಿಂತ. ಧ್ವನಿ ಅವನು ಅಂದುಕೊಂಡದ್ದಕ್ಕಿಂತ ಮೇಲೆ ಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿದರು. “ಬಗ್ಗಿ ನೋಡ್ರಿ ಒಬ್ಬರರೇ! ಕಾಣಂಗಿಲ್ಲೇನು ನಿಮಗ?”

ಯಾರೂ ಬಗ್ಗಲಿಲ್ಲ. ಮುನೀರಾ ಮೇಡಂ ಶಿಕ್ಷಕರಿಗೆ ಕಣ್ಣಸನ್ನೆ ಮಾಡಿ ದೂರ ಸರಿದಳು. ಅಂಜನಾ ಕುಂಟುತ್ತ ಅವನ ಹತ್ತಿರ ಬಂದಳು. ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು, ತುಟಿಯ ಮೂಲೆಯ ಉಗುಳು ಒರೆಸಿದಳು, ಕಳಚಿಕೊಂಡಿದ್ದ ಅಂಗಿಯ ಗುಂಡಿಯನ್ನು ಹಾಕಿದಳು.

“ಹೌದ್ರಿ,” ಎಂದಳು, ಮಕ್ಕಳಿಗೆ ಹೇಳುವ ಹಾಗೆ. “ಕಂಡೀವಿ. ನೀವು ಅಂದಂಗ ಮಾಡ್ತಾರ. ನಡೀರಿ, ಬಸ್ಸು ಬಂತು.”